ನಾಲಿಗೆಯ ಮೇಲಿನ ಗೋಧಿ

ನನಗೆ ಹಾವಿನ ಹೆದರಿಕೆಯಿಲ್ಲ, ಗುಡುಗಿನ ಹೆದರಿಕೆಯಿಲ್ಲ, ಅತ್ತೆಯ ಬಾಯಿಯ ಹೆದರಿಕೆಯಂತೂ ಮೊದಲೇ ಇಲ್ಲ. ನನಗೆ ಇದ್ದದ್ದು ಬ್ರೆಡ್ಡಿನ ಹೆದರಿಕೆ. ನಗುವವರು ನಗಲಿ. ಬ್ರೆಡ್ ಸುಡುವವನನ್ನೇ ಕಟ್ಟಿಕೊಂಡು ಬ್ರೆಡ್ಡಿಗೆ ಹೆದರುವ ಹೆಂಗಸು ಇಡೀ ದೇರೆಬೈಲಿನಲ್ಲಿ ಈ ಆಗ್ನೆಸ್ ಒಬ್ಬಳೇ ಎಂದು ನೆರೆಮನೆಯ ಹೇಮಾಕ್ಷಿ ತಮಾಷೆ ಮಾಡುತ್ತಿದ್ದಳು. ಅವಳ ಮಗು ಸಾಯಲು ಬಿದ್ದಿರಲಿಲ್ಲ, ಅವಳಿಗೆ ತಮಾಷೆ.

ನನ್ನ ಗಂಡ ರೇಮಂಡ್ ನಂತೂರಿನ ಹತ್ತಿರ ಒಂದು ಬೇಕರಿಯಲ್ಲಿ ಒಲೆಯ ಕೆಲಸಕ್ಕಿದ್ದರು. ಕೋಳಿ ಕೂಗುವ ಮೊದಲೇ ಹೋಗಿ ಬ್ರೆಡ್ ಸುಟ್ಟು, ಆಮೇಲೆ ಸೈಕಲಿನ ಹಿಂದೆ ತಗಡಿನ ಪೆಟ್ಟಿಗೆ ಕಟ್ಟಿಕೊಂಡು ಮನೆಮನೆಗೆ ಹಾಕಿ, ಬಿಸಿಲು ಏರುವ ಹೊತ್ತಿಗೆ ಮನೆಗೆ ಬರುತ್ತಿದ್ದರು. ಮೊದಲೆಲ್ಲ ಅವರು ಅಂಗಳಕ್ಕೆ ಕಾಲಿಟ್ಟರೆ ಮನೆ ಘಮ್ಮೆನ್ನುತ್ತಿತ್ತು. ನಮ್ಮ ಒಬ್ಬಳೇ ಮಗಳು ಡುಲ್ಸಿನ್ ಓಡಿಹೋಗಿ ಕುತ್ತಿಗೆಗೆ ಜೋತುಬೀಳುತ್ತಿದ್ದಳು, ಅವರು ಕಿಸೆಯಿಂದ ಮೆತ್ತಗಿನ ಬನ್ ತೆಗೆದು ಅವಳ ಕೈಗೆ ಕೊಡುತ್ತಿದ್ದರು. ಆ ಬನ್ನೇ ಮಗುವನ್ನು ತಿನ್ನುತ್ತಿದೆ ಎಂದು ಯಾರಿಗೆ ಗೊತ್ತಿತ್ತು?

ನಾಲ್ಕು ತುಂಬುವ ಹೊತ್ತಿಗೆ ಅವಳು ಇಳಿಯತೊಡಗಿದಳು. ಹೊಟ್ಟೆ ಮಾತ್ರ ಉಬ್ಬಿ ಚೆಂಡಿನ ಹಾಗೆ, ಕೈಕಾಲು ಕಡ್ಡಿ. ತಿಂದದ್ದೆಲ್ಲ ನೀರಾಗಿ, ನೊರೆಯಾಗಿ, ಮೂಗು ಮುಚ್ಚಿಕೊಳ್ಳುವಂಥ ವಾಸನೆಯಾಗಿ ಹೊರಗೆ ಹೋಗುತ್ತಿತ್ತು. ಜಂತುಹುಳದ ಮದ್ದು ಕೊಟ್ಟೆವು. ಹೇಮಾಕ್ಷಿ ಹೇಳಿದಳೆಂದು ದೃಷ್ಟಿ ತೆಗೆಸಿದೆವು. ನನ್ನ ಅತ್ತೆ ರೊಸಾಲಿನ್, ಅವರನ್ನು ನಾವು ಮಾಂಯ್ ಎನ್ನುತ್ತೇವೆ, ಸಂತ ಅಂತೋನಿಗೆ ಮಗುವಿನ ಎತ್ತರದ ಮೇಣದಬತ್ತಿ ಹರಕೆ ಹೊತ್ತರು. ಗಂಜಿ ಬೇಡ ಎಂದ ದಿನ ಹಗುರವಾಗಲಿ ಎಂದು ಹಾಲಿನಲ್ಲಿ ಬ್ರೆಡ್ ನೆನೆಸಿ ತಿನ್ನಿಸಿದೆವು. ಸೌಖ್ಯ ಇಲ್ಲದ ಮಗುವಿಗೆ ಹಾಲು-ಬ್ರೆಡ್ ಎಂದು ಊರಿಗೆ ಊರೇ ಹೇಳುತ್ತದೆ.

ಕೊನೆಗೆ ಪರದೇಶದಲ್ಲಿ ಕಲಿತು ಬಂದಿದ್ದ ಒಬ್ಬ ಡಾಕ್ಟರು ಮಗುವಿನ ಹೊಟ್ಟೆ ಮುಟ್ಟಿ, ತೊಡೆಯ ಜೋಲು ಚರ್ಮ ಎತ್ತಿ ನೋಡಿ, ಗೋಧಿ ನಿಲ್ಲಿಸಿ ಎಂದರು. ಗೋಧಿಯಾ? ಕುಚ್ಚಲಕ್ಕಿ ಗಂಜಿ ಕುಡಿದು ಬೆಳೆದ ನಮಗೆ ಗೋಧಿ ಎಲ್ಲಿಂದ ಬಂತು ಎಂದು ನಾನು ಅವರಿಗೇ ಜೋರು ಮಾಡಿದೆ. ಆಮೇಲೆ ರೇಮಂಡರ ಕಡೆ ತಿರುಗಿದೆ. ಅವರ ಅಂಗಿಯ ತೋಳಿನಲ್ಲಿ, ಉಗುರಿನ ಸಂದಿನಲ್ಲಿ, ಕಿವಿಯ ಹಿಂದೆ ಬೆಳ್ಳಗೆ ಮೈದಾ ಇತ್ತು. ಅವರು ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡರು.

ಡಾಕ್ಟರು ಒಂದು ಮಾತು ಹೇಳಿದರು, ಅದು ನನ್ನ ತಲೆಯಿಂದ ಹೋಗಲೇ ಇಲ್ಲ. ಯುದ್ಧದ ಕಾಲದಲ್ಲಿ ಹಾಲೆಂಡ್ ಎಂಬ ದೇಶದಲ್ಲಿ ಬ್ರೆಡ್ ಸಿಗದೆ ಹೋದಾಗ ಇಂಥ ಮಕ್ಕಳು ಚೇತರಿಸಿಕೊಂಡವಂತೆ, ಬ್ರೆಡ್ ಮತ್ತೆ ಬಂದಾಗ ಮತ್ತೆ ಹಾಸಿಗೆ ಹಿಡಿದವಂತೆ. ಊರೆಲ್ಲ ಹಸಿದಿರುವಾಗ ಇವು ಮಾತ್ರ ಮೈ ತುಂಬಿಕೊಂಡವು. ಇದು ವಾಸಿಯಾಗುವ ಕಾಹಿಲೆ ಅಲ್ಲ, ಒಂದು ಚೂರೂ ಬಾಯಿಗೆ ಹೋಗಬಾರದು, ಇನ್ನೊಮ್ಮೆ ಹೀಗೆ ಇಳಿದರೆ ಈ ಮೈ ತಡೆಯುವುದಿಲ್ಲ ಎಂದರು. ಇನ್ನೊಮ್ಮೆ ಎಂಬ ಆ ಮಾತನ್ನು ನಾನು ಮನೆಗೆ ಹೊತ್ತುಕೊಂಡು ಬಂದೆ.

ಆ ದಿನದಿಂದ ನಮ್ಮ ಮನೆಯ ಕಾನೂನು ನನ್ನದು. ರೇಮಂಡ್ ಬಾವಿಕಟ್ಟೆಯಲ್ಲಿ ತಲೆಗೆ ನೀರು ಹಾಕಿಕೊಂಡು, ಬಟ್ಟೆ ಬದಲಿಸಿದ ಮೇಲೆಯೇ ಒಳಗೆ ಬರಬೇಕು. ಸೈಕಲ್ಲೂ ಅದರ ಪೆಟ್ಟಿಗೆಯೂ ಹಿತ್ತಿಲಿನ ಸೌದೆ ಕೊಟ್ಟಿಗೆಯಲ್ಲಿರಬೇಕು, ಮನೆಯ ಹೊಸ್ತಿಲು ದಾಟಬಾರದು. ಮಾಂಯ್ ಚಹಾಕ್ಕೆ ರಸ್ಕ್ ಅದ್ದಿ ತಿನ್ನುವುದಾದರೆ ಹೇಮಾಕ್ಷಿಯ ಜಗಲಿಯಲ್ಲಿ ಕೂತು ತಿಂದು, ಬಾಯಿ ತೊಳೆದು ಬರಬೇಕು. ಸೊಸೆ ಅತ್ತೆಯನ್ನು ಹೊರಗೆ ಹಾಕಿದಳು ಎಂದು ಮಾಂಯ್ ಇಗರ್ಜಿಯ ಮೆಟ್ಟಿಲಲ್ಲಿ ಸಿಕ್ಕವರಿಗೆಲ್ಲ ಹೇಳಿದರು. ಹೇಳಲಿ. ರೇಮಂಡ್ ಮಾತ್ರ ಹೇಳಿದ್ದನ್ನೆಲ್ಲ ಪಾಲಿಸಿದರು. ಮಗಳು ಎದುರು ಓಡಿಬಂದರೆ ಎರಡೂ ಕೈ ಮೇಲೆತ್ತಿ, "ನಿಲ್ಲು ಮಗಾ, ಮೈಗೆ ನೀರು ಹಾಕ್ಲಿಲ್ಲ" ಎಂದು ಹಿಂದೆ ಹಿಂದೆ ಸರಿಯುತ್ತಿದ್ದರು.

ಅಡುಗೆಗೇನು, ನಮ್ಮದು ಅಕ್ಕಿಯ ಊರು. ಗಂಜಿಗೆ ಉಪ್ಪಿನಕಾಯಿ, ಬೆಳಿಗ್ಗೆ ದೋಸೆ, ಭಾನುವಾರ ಶೇಂದಿ ಹಾಕಿ ಉಬ್ಬಿಸಿದ ಸಾನ್ನ, ಮಳೆಗಾಲಕ್ಕೆ ಹಬೆಯಲ್ಲಿ ಬೇಯಿಸಿದ ಅಕ್ಕಿಯುಂಡೆ ಪುಂಡಿ. ಅದರೊಟ್ಟಿಗೆ ಬಂಗುಡೆ ಸಾರು. ಇಷ್ಟಿದ್ದರೆ ಯಾರಿಗೆ ಗೋಧಿ ಬೇಕು ಎಂದುಕೊಂಡೆ. ಡುಲ್ಸಿನ್‌ಳ ಹೊಟ್ಟೆ ಇಳಿಯಿತು, ಕೆನ್ನೆ ಬಂತು, ಜಡೆ ಹಾಕುವಷ್ಟು ಕೂದಲು ಬಂತು. ನಾನು ಬೆಳಿಗ್ಗೆ ಎದ್ದ ಕೂಡಲೇ ಮೊದಲು ಅವಳ ತೊಡೆ ಹಿಡಿದು ನೋಡುತ್ತಿದ್ದೆ. ಶಿಲುಬೆಯ ಗುರುತು ಆಮೇಲೆ.

ಅಷ್ಟರಲ್ಲಿ ಅಕ್ಕಿಗೆ ತತ್ವಾರ ಬಂತು. ಅರುವತ್ತೈದು, ಅರುವತ್ತಾರು, ಆ ವರ್ಷಗಳನ್ನು ಕಂಡವರು ಮರೆಯಲಿಕ್ಕಿಲ್ಲ. ರೇಷನ್ ಅಂಗಡಿಯಲ್ಲಿ ಅಕ್ಕಿ ಕೇಳಿದರೆ ಅಮೇರಿಕದ ಗೋಧಿ ಅಳೆದು ಕೊಡುತ್ತಿದ್ದರು. ಶಾಲೆಯಲ್ಲಿ ಮಧ್ಯಾಹ್ನಕ್ಕೆ ಗೋಧಿಯ ಉಪ್ಪಿಟ್ಟು. ರೇಡಿಯೋದಲ್ಲಿ ಚಪಾತಿ ತಿನ್ನಿ ಎಂಬ ಉಪದೇಶ. ಡಾಕ್ಟರು ಹೇಳಿದ ಹಾಲೆಂಡಿನ ಕಥೆ ನಮ್ಮ ಊರಿನಲ್ಲಿ ತಲೆಕೆಳಗಾಗಿ ನಡೆಯುತ್ತಿತ್ತು. ಅಲ್ಲಿ ಯುದ್ಧ ಬಂದು ಗೋಧಿ ಹೋಯಿತು, ಇಲ್ಲಿ ಬರ ಬಂದು ಗೋಧಿ ಬಂತು.

ಹೇಮಾಕ್ಷಿಯ ತವರಿನವರಿಗೆ ವಾಮಂಜೂರಿನಲ್ಲಿ ಗದ್ದೆ ಇತ್ತು. ನಮ್ಮ ಗೋಧಿಯೆಲ್ಲ ಅವಳಿಗೆ, ಅವಳ ತವರಿನ ಕುಚ್ಚಲಕ್ಕಿ ನಮಗೆ ಎಂದು ಮಾತಾಯಿತು. ಸಾಲದ್ದಕ್ಕೆ ರೇಷನಿನಲ್ಲಿ ಸಿಕ್ಕಷ್ಟು ಅಕ್ಕಿ. ಅಂಗಡಿಯವನು ಗೋಧಿ ತುಂಬಿದ ಸೇರಿನಲ್ಲೇ ಅಕ್ಕಿಯನ್ನೂ ತುಂಬುತ್ತಿದ್ದ, ಬೇರೆ ಸೇರು ತೆಗೆ ಎಂದರೆ ನನಗೆ ಹುಚ್ಚು ಎಂಬ ಹಾಗೆ ನೋಡುತ್ತಿದ್ದ. ಮನೆಗೆ ತಂದು, ಗೆರಸೆಯಲ್ಲಿ ಹರಡಿ, ಕಿಟಕಿಯ ಬೆಳಕಿಗೆ ಕೂತು ಹೆಕ್ಕುತ್ತಿದ್ದೆ. ಬೇರೆಯವರು ಕಲ್ಲು ಹೆಕ್ಕುತ್ತಾರೆ, ನಾನು ಗೋಧಿ ಹೆಕ್ಕುತ್ತಿದ್ದೆ. ಒಂದು ಕಾಳು ಸಿಕ್ಕಿದರೆ ಎದೆ ಹೊಡೆದುಕೊಳ್ಳುತ್ತಿತ್ತು, ಸಿಗದಿದ್ದರೆ ಇನ್ನೂ ಜಾಸ್ತಿ. ಸಿಗದ ಕಾಳು ಅನ್ನಕ್ಕೆ ಹೋಯಿತೇ ಎಂದು.

ಆ ವರ್ಷವೇ ಡುಲ್ಸಿನ್‌ಗೆ ಏಳು ತುಂಬಿತು. ನಮ್ಮಲ್ಲಿ ಆ ಪ್ರಾಯಕ್ಕೆ ಮಕ್ಕಳಿಗೆ ಮೊದಲನೆಯ ಕುಮ್ಗಾರ್, ಎಂದರೆ ಪೂಜೆಯಲ್ಲಿ ಪಾದ್ರಿಯ ಕೈಯಿಂದ ಮೊದಲ ಸಲ ಒಸ್ತಿ ತೆಗೆದುಕೊಳ್ಳುವುದು. ಒಸ್ತಿ ಎಂದರೆ ಕಾಗದದಷ್ಟು ತೆಳ್ಳಗಿನ, ನಾಣ್ಯದಷ್ಟು ಅಗಲದ ಬಿಳಿ ಬಿಲ್ಲೆ. ಪಾದ್ರಿ ಆಲ್ತಾರಿನಲ್ಲಿ, ಎಂದರೆ ಪೂಜೆಯ ಪೀಠದಲ್ಲಿ, ಅದನ್ನು ಎತ್ತಿ ಯೇಸುವಿನ ಮಾತು ಹೇಳಿದರೆ ಅದು ದೇವರ ಶರೀರ. ಹೇಳುವ ಮೊದಲು ಅದು ಗೋಧಿ ಹಿಟ್ಟು ಮತ್ತು ನೀರು, ಬೇರೇನೂ ಅಲ್ಲ. ನನಗೆ ಇದು ಹುಟ್ಟಿದಾಗಿನಿಂದ ಗೊತ್ತು. ಆದರೂ ಡುಲ್ಸಿನ್ ಶಾಲೆ ಬಿಟ್ಟ ಮೇಲೆ ದೊತೊರ್ನ್ ಎಂಬ ಇಗರ್ಜಿಯ ಧರ್ಮಪಾಠಕ್ಕೆ ಹೋಗಲು ಶುರುಮಾಡಿದ ದಿನವೇ ಅದು ನನ್ನ ತಲೆಗೆ ಹೊಡೆಯಿತು. ನಾನು ಬಾಯಿ ಮುಚ್ಚಿಕೊಂಡೆ. ದೇವರ ಶರೀರ ತಿಂದರೆ ನನ್ನ ಮಗು ಸಾಯುತ್ತದೆ ಎಂದು ಯಾರ ಹತ್ತಿರ ಹೇಳುವುದು? ಆಮೇಲೆ ನೋಡುವ, ಆಮೇಲೆ ನೋಡುವ ಎಂದು ದಿನ ದೂಡಿದೆ.

ಒಂದು ಸಂಜೆ ಗಂಜಿ ಉಣ್ಣುತ್ತಾ ಡುಲ್ಸಿನ್ ತಾನೇ ಕೇಳಿದಳು, ಒಸ್ತಿ ಎಂತದರಲ್ಲಿ ಮಾಡುವುದು ಎಂದು. ನಾನು ಹೇಳಿದೆ. ಹಾಗಾದರೆ ನಾನು ತಿನ್ನುವುದು ಹೇಗೆ ಎಂದಳು. ನನಗೆ ಉತ್ತರ ಬರುವ ಮೊದಲೇ ಮಾಂಯ್ ಜಪಮಾಲೆ ಕೆಳಗಿಟ್ಟರು.

"ಪಾದ್ರಿ ಆ ಮಾತು ಹೇಳಿದ ಮೇಲೆ ಅದು ಗೋಧಿ ಅಲ್ಲ ಮಗಾ. ನೋಡ್ಲಿಕ್ಕೆ ಮಾತ್ರ ಹಾಗೆ ಕಾಣ್ತದೆ. ನಿಂಗೆ ಎಂತ ಸಾ ಆಗುದಿಲ್ಲ."

ಡುಲ್ಸಿನ್ ತಲೆಯಾಡಿಸಿದಳು. ದೊತೊರ್ನ್ ಪಾಠದಲ್ಲೂ ಹಾಗೆಯೇ ಹೇಳಿದ್ದಾರೆ ಎಂದಳು. ನಾನು ಮೀನಿನ ಮುಳ್ಳು ಬಿಡಿಸುತ್ತಾ ಕೂತಿದ್ದೆ. ಆ ಮಾತು ಅವಳ ಹೊಟ್ಟೆಗೆ ಎಲ್ಲಿಯವರೆಗೆ ಇಳಿಯಿತು ಎಂದು ನನಗೆ ತಿಳಿಯಲಿಲ್ಲ.

ಅದಾಗಿ ಕೆಲವೇ ವಾರ. ಬೆಳಿಗ್ಗೆ ತೊಡೆ ಹಿಡಿದು ನೋಡಿದೆ, ಚರ್ಮ ನನ್ನ ಬೆರಳಲ್ಲೇ ಉಳಿಯಿತು. ಸುಳ್ಳು, ನನ್ನ ಭ್ರಮೆ ಎಂದುಕೊಂಡೆ. ಮಾರನೆಯ ದಿನ ಹಿತ್ತಿಲಿನಿಂದ ಬಂದ ವಾಸನೆ ಮಾತ್ರ ಭ್ರಮೆಯಲ್ಲ. ಆ ವಾಸನೆ ನನಗೆ ಸತ್ತರೂ ಮರೆಯದು. ಬಾಗಿಲ ಚೌಕಟ್ಟು ಹಿಡಿದುಕೊಂಡು ಅಲ್ಲೇ ಕೂತುಬಿಟ್ಟೆ. ಇನ್ನೊಮ್ಮೆ ಇಳಿದರೆ ಈ ಮೈ ತಡೆಯುವುದಿಲ್ಲ ಎಂದಿದ್ದರಲ್ಲ, ಅದು ಬಂದಿತ್ತು.

ಎಲ್ಲಿಂದ? ಮನೆಯಲ್ಲಿ ಗೋಧಿಯ ಸುಳಿವಿಲ್ಲ. ಅಕ್ಕಿಯನ್ನು ಎರಡೆರಡು ಸಲ ಹೆಕ್ಕಿದೆ. ಕಡೆಯುವ ಕಲ್ಲನ್ನು ಬಿಸಿನೀರು ಹಾಕಿ ಉಜ್ಜಿದೆ. ಇಂಗಿನಲ್ಲಿ ಹಿಟ್ಟು ಕಲಸುತ್ತಾರೆ ಎಂದು ಯಾರೋ ಹೇಳಿದರು, ಇಂಗನ್ನು ತೆಂಗಿನ ಬುಡಕ್ಕೆ ಎಸೆದೆ. ಶಾಲೆಗೆ ಹೋಗಿ ಟೀಚರ ಎದುರು ನಿಂತು ವಿಚಾರಿಸಿದೆ, ಉಪ್ಪಿಟ್ಟಿನ ಸಾಲಿನಲ್ಲಿ ನಿಮ್ಮ ಮಗಳು ನಿಲ್ಲುವುದೇ ಇಲ್ಲ, ಡಬ್ಬಿಯ ಅನ್ನ ಉಂಡು ಕೂತಿರುತ್ತಾಳೆ ಎಂದರು. ಹೇಮಾಕ್ಷಿ ತನ್ನ ದೈವದ ಆಣೆ ಹಾಕಿದಳು. ರೇಮಂಡ್ ಬಾವಿಕಟ್ಟೆಯಲ್ಲಿ ಮೈ ಕೆಂಪಾಗುವ ತನಕ ತೆಂಗಿನ ನಾರು ಹಾಕಿ ಉಜ್ಜಿಕೊಂಡರು, ಮಗಳನ್ನು ಮುಟ್ಟುವುದನ್ನೇ ಬಿಟ್ಟರು. ಊಟದ ಹೊತ್ತಿಗೆ ಅವರು ಹೊರಗಿನ ಜಗಲಿಯಲ್ಲಿ ಕೂರುತ್ತಿದ್ದರು. ಅವಳು ಒಳಗಿನಿಂದ ಪಪ್ಪಾ ಎಂದು ಕರೆದರೆ ಅಲ್ಲಿಂದಲೇ ಓಗೊಡುತ್ತಿದ್ದರು.

ಉಳಿದವರು ಯಾರು? ಮಾಂಯ್. ಆ ದಿನ ನನ್ನ ಬಾಯಿಗೆ ಬೀಗ ಇರಲಿಲ್ಲ. ನಿಮಗೆ ನಿಮ್ಮ ರಸ್ಕು ದೊಡ್ಡದು, ಕದ್ದು ತಿನ್ನಿಸುತ್ತಿದ್ದೀರಿ, ನನ್ನ ಮಗುವನ್ನು ಕೊಲ್ಲುತ್ತಿದ್ದೀರಿ ಎಂದು ಏನೇನೋ ಅಂದೆ. ಅವರು ಮರುಮಾತಾಡಲಿಲ್ಲ. ಅವರು ಮರುಮಾತಾಡದೆ ಇದ್ದದ್ದು ನನ್ನ ಮದುವೆಯಾದ ಮೇಲೆ ಅದೇ ಮೊದಲು. ತಮ್ಮ ಸೀರೆಯ ಗಂಟು ಬಿಚ್ಚಿ, ಚೀಲ ಕೊಡವಿ, ಹಾಸಿಗೆ ಮಗುಚಿ ಹಾಕಿ ತೋರಿಸಿದರು. ಒಂದು ಪುಡಿಯೂ ಇರಲಿಲ್ಲ. ಆಮೇಲೆ ಮೂಲೆಯಲ್ಲಿ ಕೂತು ಅತ್ತರು. ನನಗೆ ಪಾಪ ಎನ್ನಿಸಲಿಲ್ಲ, ಹೆದರಿಕೆ ಹೆಚ್ಚಾಯಿತು. ಮಾಂಯ್ ಅಲ್ಲದಿದ್ದರೆ ಇನ್ನು ಕೇಳಲು ಯಾರೂ ಉಳಿದಿರಲಿಲ್ಲ.

ಡಾಕ್ಟರು ನೋಡಿದರು. ಗೋಧಿ ಹೋಗುತ್ತಿದೆ, ಹುಡುಕಿ ಎಂದರು. ಹುಡುಕದೆ ನಾನೇನು ಮಲಗಿದ್ದೆನೇ?

ಒಂದು ಮಧ್ಯಾಹ್ನ ಒಲೆಗೆ ಸೌದೆ ಸಾಲದೆ ಹಿತ್ತಿಲಿನ ಕೊಟ್ಟಿಗೆಗೆ ಹೋದೆ. ರೇಮಂಡ್ ಊಟ ಮಾಡಿ ಮಲಗಿದ್ದರು. ಡುಲ್ಸಿನ್ ಸುಸ್ತೆಂದು ಚಾಪೆಯ ಮೇಲಿದ್ದವಳು ಕಾಣುತ್ತಿರಲಿಲ್ಲ. ಕೊಟ್ಟಿಗೆಯ ಬಾಗಿಲ ಹತ್ತಿರ ಹೋಗುವಾಗ ಒಳಗಿನಿಂದ ಗುಣುಗುಣು ಸದ್ದು ಬಂತು. ಸಂದಿಯಿಂದ ಇಣುಕಿದೆ.

ಸೈಕಲಿನ ತಗಡಿನ ಪೆಟ್ಟಿಗೆಯನ್ನು ಅವಳು ಆಲ್ತಾರ್ ಮಾಡಿದ್ದಳು. ಅದರ ಮೇಲೆ ನನ್ನ ಒಗೆದ ಟವೆಲು, ಎರಡು ಕಡೆ ದಾಸವಾಳ, ನಡುವೆ ಒಂದು ಕಂಚಿನ ಲೋಟ. ಹೆಗಲಿಗೆ ಬಿಳಿ ಲುಂಗಿ ಹೊದ್ದು, ಬಾಗಿಲಿಗೆ ಬೆನ್ನು ಹಾಕಿ ನಿಂತಿದ್ದಳು, ಪೂಜೆಯಲ್ಲಿ ಪಾದ್ರಿ ನಿಲ್ಲುವ ಹಾಗೆ. ಪೂಜೆಯಾಟ ಆಡದ ಮಕ್ಕಳು ನಮ್ಮಲ್ಲಿ ಯಾರಿದ್ದಾರೆ? ನಾನೂ ಆಡಿದ್ದೇನೆ, ಬಾಳೆಹಣ್ಣಿನ ಚೂರು ಇಟ್ಟುಕೊಂಡು. ಇವಳ ಎದುರಿಗಿದ್ದದ್ದು ಬಾಳೆಹಣ್ಣಲ್ಲ. ಪೆಟ್ಟಿಗೆಯಲ್ಲಿ ಮಾರದೆ ಉಳಿದ ಬನ್ನಿನ ಹೊಟ್ಟೆ ಬಗೆದು, ಬಿಳಿಯ ಭಾಗವನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಚಪ್ಪಟೆ ಮಾಡಿ, ಸೋಡಾ ಬಾಟಲಿಯ ಮುಚ್ಚಳ ಅದುಮಿ ಬಿಲ್ಲೆ ತೆಗೆದಿದ್ದಳು. ಅಂಚು ಎಷ್ಟು ನೀಟಾಗಿತ್ತೆಂದರೆ ದೂರದಿಂದ ಒಸ್ತಿಯೇ.

ಅವಳು ಒಂದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಬಗ್ಗಿ, "ಹೊಕ್ ಎಸ್ತ್" ಎಂದು ಪಾದ್ರಿಯ ಮಾತು ಶುರುಮಾಡಿ, ಆ ಲತೀನು ಭಾಷೆ ಮುಂದೆ ಬಾರದೆ ತನಗೆ ತೋಚಿದ್ದು ಗೊಣಗಿದಳು. ಆಮೇಲೆ ಕಣ್ಣು ಮುಚ್ಚಿ ನಾಲಿಗೆಯ ಮೇಲೆ ಇಟ್ಟುಕೊಂಡಳು.

ನಾನು ಬಾಗಿಲನ್ನು ಹೇಗೆ ತೆರೆದೆನೋ ಗೊತ್ತಿಲ್ಲ. ಅವಳ ಬಾಯಿಗೆ ಬೆರಳು ಹಾಕಿ ಅದನ್ನು ತೆಗೆದೆ, ಬೆನ್ನಿಗೆ ಹೊಡೆದೆ, ಉಗಿ ಉಗಿ ಎಂದು ಕಿರುಚಿದೆ. ಅವಳು ಅಳಲಿಲ್ಲ. ನಾನು ಏನೋ ತಪ್ಪು ತಿಳಿದಿದ್ದೇನೆ ಎಂಬಂತೆ, ಸಮಾಧಾನ ಮಾಡುವ ಸ್ವರದಲ್ಲಿ ಹೇಳಿದಳು.

"ಇದು ಗೋಧಿ ಅಲ್ಲಮ್ಮಾ. ನಾನು ಮಾತು ಹೇಳಿ ಆಗಿದೆ."

ಪಪ್ಪನ ಬನ್ ಎಂದರೆ ಅವಳಿಗೆ ಪ್ರಾಣ. ಬಿಟ್ಟು ವರ್ಷಗಳಾಗಿದ್ದವು. ಗೋಧಿಯನ್ನು ಗೋಧಿಯಲ್ಲದ ಹಾಗೆ ಮಾಡುವ ಒಂದು ಮಾತು ಉಂಟು ಎಂದು ಮನೆಯಲ್ಲೂ ಪಾಠದಲ್ಲೂ ದೊಡ್ಡವರೇ ಹೇಳಿಕೊಟ್ಟಿದ್ದರು. ಅವಳು ನಂಬಿದಳು. ಕದಿಯುತ್ತಿದ್ದೇನೆ ಎಂದೂ ಅವಳಿಗೆ ಅನ್ನಿಸಿರಲಿಲ್ಲ. ಮಾತು ಹೇಳಿ, ಆಮೇಲೆ ಮಾತ್ರ ತಿಂದಿದ್ದಳು.

ಹೊರಗಿಟ್ಟರೆ ಕ್ಷೇಮ ಎಂದು ಆ ಪೆಟ್ಟಿಗೆಯನ್ನು ಕೊಟ್ಟಿಗೆಗೆ ಹಾಕಿಸಿದವಳು ನಾನು. ರೇಮಂಡ್ ವಿಷಯ ಕೇಳಿದವರೇ ಪೆಟ್ಟಿಗೆಯನ್ನು ಎತ್ತಿಕೊಂಡು ಬೇಕರಿಗೆ ಹೋಗಿ ಅಲ್ಲೇ ಬಿಟ್ಟು ಬಂದರು. ಮಾಂಯ್ ಎದೆಗೆ ಶಿಲುಬೆ ಹಾಕಿಕೊಳ್ಳುತ್ತಾ, ನನ್ನ ಮಾತೇ, ನಾನು ಹೇಳಿದ ಮಾತೇ ಎಂದು ತಿರುಗಾಡಿದರು. ನಾನು ಅವರಿಗೆ ಏನೂ ಅನ್ನಲಿಲ್ಲ. ಅನ್ನುವಷ್ಟು ಮೊದಲೇ ಅಂದಿದ್ದೆ.

ಈಗ ಇನ್ನೊಂದು ಹೆದರಿಕೆ ಎದುರಿಗೆ ಬಂದು ನಿಂತಿತು. ಕುಮ್ಗಾರ್‌ಗೆ ಹೆಚ್ಚು ದಿನ ಉಳಿದಿರಲಿಲ್ಲ. ಡುಲ್ಸಿನ್ ಚಾಪೆಯಲ್ಲಿ ಮಲಗಿ ಕೇಳಿದ್ದು ಒಂದೇ, ತನ್ನ ಲತೀನು ತಪ್ಪಾದ್ದರಿಂದ ಹೀಗಾಯಿತಾ ಎಂದು. ಪಾದ್ರಿಗಳು ಸರಿಯಾಗಿ ಹೇಳುತ್ತಾರಲ್ಲ, ಆಗ ನಿಜವಾಗಿ ಬದಲಾಗುತ್ತದೆ ಅಲ್ಲವಾ ಎಂದು.

ನಾನು ವಿಗಾರರ ಹತ್ತಿರ ಹೋದೆ. ಅವರು ನಮ್ಮ ಇಗರ್ಜಿಯ ದೊಡ್ಡ ಪಾದ್ರಿ, ಕೆಟ್ಟವರಲ್ಲ, ಆದರೆ ಪ್ರಾಯ ಆದವರು, ಶಿಸ್ತಿನವರು. ನಾನು ಹೇಳಿದ್ದನ್ನು ಪೂರ್ತಿ ಕೇಳಿ, ಕನ್ನಡಕ ತೆಗೆದರು.

"ದೇವರ ಶರೀರ ಮಗುವಿಗೆ ವಿಷ ಅಂತ ಹೇಳ್ತೀಯಾ, ಆಗ್ನೆಸ್?"

"ನಾನು ಹೇಳುದಿಲ್ಲ ಫಾದರ್. ಅವಳ ಹೊಟ್ಟೆ ಹೇಳ್ತದೆ."

ಗುಡುಗಿಗೆ ಹೆದರದವಳು ನನ್ನದೇ ಆ ಮಾತಿಗೆ ಹೆದರಿದೆ. ಅವರು ಕೊಡೆ ಹಿಡಿದುಕೊಂಡು ನನ್ನೊಟ್ಟಿಗೆ ಮನೆಗೆ ಬಂದರು. ಚಾಪೆಯ ಮೇಲೆ ಕೂತ ಮಗುವಿನ ಕಾಲು ನೋಡಿದರು. ಒಂದು ಕೈಯ ಬೆರಳುಗಳಲ್ಲಿ ಹಿಡಿಯಬಹುದಾದ ತೊಡೆ.

ರೇಮಂಡ್ ಜೀವಮಾನದಲ್ಲಿ ಪಾದ್ರಿಗಳ ಎದುರು ಬಾಯಿ ತೆರೆದವರಲ್ಲ. ಆ ದಿನ ಬಾಗಿಲ ಹೊರಗೆ ನಿಂತು ಮಾತಾಡಿದರು. ಅಕ್ಕಿ ಹಿಟ್ಟಿನಲ್ಲಿ ತಾನು ಒಸ್ತಿ ಮಾಡಿಕೊಡುತ್ತೇನೆ, ಕಾನ್ವೆಂಟಿನ ಸಿಸ್ಟರುಗಳು ಮಾಡುವುದಕ್ಕಿಂತ ತೆಳ್ಳಗೆ, ಬಿಳಿ ಮಾಡಿಕೊಡುತ್ತೇನೆ, ಅವಳೊಬ್ಬಳಿಗೆ ಎಂದರು. ವಿಗಾರರು ಆಗದೆಂದು ತಲೆಯಾಡಿಸಿದರು. ಸಾಯುವ ಹಿಂದಿನ ರಾತ್ರಿಯ ಆ ಕಡೆಯ ಊಟದಲ್ಲಿ ಯೇಸು ಕರ್ತರು ಕೈಯಲ್ಲಿ ಹಿಡಿದದ್ದು ಗೋಧಿಯ ರೊಟ್ಟಿ, ಅದನ್ನು ಬದಲಿಸಲು ತನಗೆ ಅಧಿಕಾರವಿಲ್ಲ ಎಂದರು.

"ಅವರು ಇಲ್ಲಿ ಹುಟ್ಟಿದ್ರೆ ದೋಸೆ ಹಿಡೀತಿದ್ರು ಫಾದರ್," ಎಂದರು ರೇಮಂಡ್.

ಮಾಂಯ್ ಉಸಿರು ಹಿಡಿದರು. ವಿಗಾರರು ಸಿಟ್ಟಾಗಲಿಲ್ಲ. ಡುಲ್ಸಿನ್ ಅವರ ನಿಲುವಂಗಿಯ ಅಂಚು ಹಿಡಿದು ಕೇಳಿದಳು, ನೀವು ಮಾತು ಹೇಳಿದರೆ ಅದು ಗೋಧಿಯಾಗಿ ಇರುವುದಿಲ್ಲ ಅಲ್ಲವಾ ಫಾದರ್ ಎಂದು. ಅವರು ನನ್ನ ಕಡೆ ನೋಡಿದರು. ಉತ್ತರ ಹೇಳಬೇಕಾದದ್ದು ನಾನು ಎಂದು ಗೊತ್ತಾಯಿತು. ನಾನು ಮಗಳ ಹತ್ತಿರ ಕೂತು ಅವಳ ಮುಖ ಹಿಡಿದೆ.

"ಫಾದರ್ ಹೇಳಿದ್ರೂ, ಪೋಪ್ ಹೇಳಿದ್ರೂ, ನಿನ್ನ ಹೊಟ್ಟೆಗೆ ಅದು ಗೋಧಿಯೇ ಮಗಾ. ನೀನು ಬಾಯಿ ತೆರೀಬಾರದು."

ನಾನು ಆ ಮಾತು ಹೇಳಿ ಸಿಡಿಲಿಗೆ ಕಾದೆ. ವಿಗಾರರು ನೆಲ ನೋಡುತ್ತಿದ್ದರು. ಹೊರಡುವಾಗ ಒಂದು ದಾರಿ ಮಾಡಿಕೊಟ್ಟರು. ಮಗುವಿಗೆ ಬೇಸರವಾಗಬಾರದು, ಊರವರ ಬಾಯಿಗೂ ಬೀಳಬಾರದು, ಎಲ್ಲರ ಸಾಲಿನಲ್ಲೇ ಬಿಳಿ ಫ್ರಾಕ್ ಹಾಕಿ ಮೊಣಕಾಲೂರಲಿ. ತಾನು ಎದುರಿಗೆ ಬಂದಾಗ ಬಾಯಿ ಮುಚ್ಚಿಕೊಂಡಿರಲಿ, ಅದೇ ಗುರುತು. ಹಣೆಗೆ ಶಿಲುಬೆ ಹಾಕಿ ಮುಂದೆ ಹೋಗುತ್ತೇನೆ ಎಂದರು.

ಕುಮ್ಗಾರ್‌ನ ಭಾನುವಾರದ ಹೊತ್ತಿಗೆ ಡುಲ್ಸಿನ್ ಎದ್ದು ನಡೆಯುವಷ್ಟಾಗಿದ್ದಳು. ಬಾಯಿ ಮುಚ್ಚಿಕೊಳ್ಳುತ್ತೇನೆ ಎಂದು ನನ್ನ ಕೈಮೇಲೆ ಕೈಯಿಟ್ಟು ಹೇಳಿದ್ದಳು. ಆದರೂ ಇಗರ್ಜಿಯಲ್ಲಿ ಹೆಂಗಸರ ಕಡೆ ಕೂತ ನನಗೆ ಒಂದು ಪ್ರಾರ್ಥನೆಯೂ ಕಿವಿಗೆ ಬೀಳಲಿಲ್ಲ. ಎದುರಿನ ಬೆಂಚುಗಳಲ್ಲಿ ಹುಡುಗಿಯರೆಲ್ಲ ಒಂದೇ ರೀತಿ, ಬಿಳಿ ಫ್ರಾಕ್, ಬಿಳಿ ವೇಲ್, ತಲೆಗೆ ಕಾಗದದ ಹೂವಿನ ಕಿರೀಟ. ನನ್ನ ಮಗು ಯಾವುದು ಎಂದು ನಾನೇ ತೆಳ್ಳಗಿನ ಕಾಲು ನೋಡಿ ಗುರುತು ಹಿಡಿಯಬೇಕಾಯಿತು. ಹಾಗಾದರೆ ಕನ್ನಡಕದ ವಿಗಾರರಿಗೆ? ಅದು ನನಗೆ ಆಗ ಹೊಳೆಯಿತು. ಎದ್ದು ಓಡಿಹೋಗಲೇ ಎಂದುಕೊಂಡೆ. ಓಡಲಿಲ್ಲ.

ದೊಡ್ಡವರ ಸಾಲು ಮೊದಲೇ ಮುಗಿದಿತ್ತು, ನಾನೂ ಒಸ್ತಿ ತೆಗೆದುಕೊಂಡು ಬಂದಿದ್ದೆ. ಮಕ್ಕಳು ಆಲ್ತಾರಿನ ಕಟಕಟೆಗೆ ಮೊಣಕಾಲೂರಿದರು. ವಾರಗಟ್ಟಲೆ ಅಭ್ಯಾಸ ಮಾಡಿಸಿದ್ದರು. ಪಾದ್ರಿಯ ನೆರಳು ಬಿದ್ದ ಕೂಡಲೇ ತಲೆ ಹಿಂದೆ, ಕಣ್ಣು ಮುಚ್ಚು, ನಾಲಿಗೆ ಹೊರಗೆ. ವಿಗಾರರು ಒಂದು ತುದಿಯಿಂದ ಲತೀನು ಗೊಣಗುತ್ತಾ ಬೇಗ ಬೇಗ ಬಂದರು. ಒಂದು ತಲೆ ಹಿಂದೆ ಹೋಯಿತು, ಇನ್ನೊಂದು ಹೋಯಿತು, ಅದರ ಪಕ್ಕದ್ದೂ ಹೋಯಿತು. ಅಭ್ಯಾಸವೇ ಗೆದ್ದಿತೋ ಆಸೆಯೇ ಗೆದ್ದಿತೋ ನಾನು ಇಂದಿಗೂ ಕೇಳಿಲ್ಲ. ನನ್ನ ಮಗಳ ಬಿಳಿ ವೇಲೂ ಹಿಂದಕ್ಕೆ ಬಾಗಿತು, ವಿಗಾರರ ಕೈ ಬಗ್ಗಿತು, ಮುಂದೆ ಹೋಯಿತು.

ಯೇಸುವೇ, ಎಂದೆ.

ಮಕ್ಕಳು ಕೈಮುಗಿದು ತಮ್ಮ ಬೆಂಚಿಗೆ ಮರಳಿದರು. ಡುಲ್ಸಿನ್ ಬೆಂಚು ದಾಟಿ ನಡುವಿನ ದಾರಿಯಲ್ಲಿ ನೇರ ನನ್ನ ಕಡೆ ನಡೆದು ಬಂದಳು. ಕೈ ಮುಗಿದೇ ಇತ್ತು. ತುಟಿ ಬಿಗಿದಿತ್ತು. ಒಬ್ಬರು ಸಿಸ್ಟರ್ ಎದ್ದು ಅವಳನ್ನು ಹಿಡಿಯಲು ಕೈಚಾಚಿದರು, ಅವಳು ಸರಿದುಕೊಂಡು ಬಂದಳು. ನನ್ನ ಎದುರು ನಿಂತು ಮುಖ ಮೇಲೆತ್ತಿ ಬಾಯಿ ತೆರೆದಳು.

ಅದು ಅವಳ ನಾಲಿಗೆಯ ಮೇಲೆ ಇತ್ತು. ಒದ್ದೆಯಾಗಿ, ನಡುವೆ ಮಡಚಿಕೊಂಡು, ಅಂಟಿಕೊಂಡು ಇತ್ತು. ನುಂಗಿರಲಿಲ್ಲ. ನುಂಗಿದರೆ ಸಾವು ಎಂದು ನಾನು ಹೇಳಿಕೊಟ್ಟಿದ್ದೆ, ಉಗಿದರೆ ಮಹಾಪಾಪ ಎಂದು ಅವರು ಹೇಳಿಕೊಟ್ಟಿದ್ದರು. ಮಗುವಿನ ಕಣ್ಣು ಅಷ್ಟು ದೊಡ್ಡದಾಗಿದ್ದನ್ನು ನಾನು ಅವಳು ಸಾಯಲು ಬಿದ್ದಿದ್ದಾಗಲೂ ನೋಡಿರಲಿಲ್ಲ. ಒಸ್ತಿಯನ್ನು ಪಾದ್ರಿಯ ಬೆರಳು ಬಿಟ್ಟು ಬೇರೆ ಯಾರೂ ಮುಟ್ಟುವಂತಿಲ್ಲ. ಹಲ್ಲು ತಾಗಬಾರದು ಎಂದು ನಮ್ಮನ್ನು ಹೆದರಿಸಿ ಬೆಳೆಸಿದ್ದಾರೆ. ಇಡೀ ಇಗರ್ಜಿ ಹಿಂದೆ ತಿರುಗಿ ನೋಡುತ್ತಿತ್ತು.

ನಾನು ಬೆರಳು ಹಾಕಿ ಅದನ್ನು ಅವಳ ನಾಲಿಗೆಯಿಂದ ಎತ್ತಿದೆ. ಒಂದು ಚೂರು ಅಂಟಿ ಉಳಿಯಿತು, ಅದನ್ನೂ ಉಗುರಿನಿಂದ ತೆಗೆದೆ. ನನ್ನ ಬಾಯಿಗೆ ಹಾಕಿಕೊಂಡು ನುಂಗಿದೆ. ಮಗು ಉಣ್ಣಲಾರದೆ ಬಿಟ್ಟದ್ದನ್ನು ತಿನ್ನುವುದು ನನಗೇನು ಹೊಸತೇ?

ಯಾರೋ ಹೆಂಗಸು ಅಯ್ಯೋ ದೇವರೇ ಎಂದರು. ನನ್ನ ಪಕ್ಕದಲ್ಲಿದ್ದ ಮಾಂಯ್ ತಮ್ಮ ಸೆರಗು ಬಿಡಿಸಿ ಅದರಿಂದ ಡುಲ್ಸಿನ್‌ಳ ನಾಲಿಗೆ ಒರೆಸಿದರು, ಒರೆಸಿದ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದುಕೊಂಡು, ಅಯ್ಯೋ ಎಂದವರನ್ನು ದುರುಗುಟ್ಟಿ ನೋಡಿದರು. ಅಷ್ಟು ಸಾಕಾಯಿತು ನನಗೆ. ಅತ್ತುಬಿಟ್ಟೆ.

ಪೂಜೆ ಮುಗಿದ ಮೇಲೆ ವಿಗಾರರು ಒಂದು ಬಟ್ಟಲು ನೀರು ಹಿಡಿದುಕೊಂಡು ಹಿಂದಿನ ಬಾಗಿಲಿನಿಂದ ಬಂದರು. ಇನ್ನು ಇಗರ್ಜಿಗೆ ಕಾಲಿಡಬೇಡ ಎನ್ನುತ್ತಾರೆ ಎಂದು ಕಾದೆ. ಅವರ ಮುಖ ಬೂದಿಯ ಹಾಗಾಗಿತ್ತು. ತನಗೆ ಗುರುತು ಸಿಗಲಿಲ್ಲ ಎಂದಷ್ಟೇ ಹೇಳಿ, ಮಗುವಿನ ಬಾಯಿ ಮುಕ್ಕಳಿಸಿ ಬಟ್ಟಲಿಗೇ ಉಗಿಯಲು ಹೇಳಿದರು, ಮಾಂಯ್‌ನ ಸೆರಗಿನ ತುದಿಯನ್ನೂ ಅದರಲ್ಲೇ ಅದ್ದಿ ತೊಳೆದರು. ಒಸ್ತಿಯ ಚೂರು ಸೇರಿರಬಹುದಾದ ಆ ನೀರನ್ನು ಕಾಲಿಗೆ ಸಿಗದ ಕಡೆ, ಗೋಡೆಯ ಬುಡದ ಮಣ್ಣಿಗೆ ತಾವೇ ಸುರಿದರು. ನನ್ನ ಪಾಪದ ಮಾತನ್ನೇ ಎತ್ತಲಿಲ್ಲ.

ಮನೆಗೆ ಹೋಗುವಾಗ ರೇಮಂಡ್ ಸೈಕಲ್ ತಳ್ಳಿಕೊಂಡು ನಡೆದರು. ಪೆಟ್ಟಿಗೆ ಇಲ್ಲದ ಹಿಂದಿನ ಸೀಟಿನಲ್ಲಿ ಡುಲ್ಸಿನ್ ಕೂತಿದ್ದಳು, ನಾನು ಅವಳ ಬೆನ್ನಿಗೆ ಕೈಕೊಟ್ಟು ಹಿಂದೆ. ಅಂದು ಬೇಕರಿಗೆ ಹೋಗದೆ ಬೆಳಿಗ್ಗೆಯೇ ತಲೆಗೆ ನೀರು ಹಾಕಿಕೊಂಡಿದ್ದ ಅವರ ಬೆನ್ನನ್ನು ಅವಳು ಒಂದು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ನಾನು ಆಗಲೇ ನಾಳೆಯ ಬೆಳಿಗ್ಗೆ ನೆನೆದು ಹೆದರುತ್ತಿದ್ದೆ, ಅವಳ ಹೊಟ್ಟೆ ಏನು ಹೇಳುತ್ತದೋ ಎಂದು.

"ನಿನ್ನ ಬಾಯಲ್ಲಿ ಅದು ಎಂತದಾಯ್ತಮ್ಮಾ? ಗೋಧಿಯಾ, ದೇವರಾ?"

ನನಗೆ ಗೊತ್ತಾಗಲಿಲ್ಲ ಎಂದೆ. ನಿನ್ನ ಬಾಯಿಯ ರುಚಿ ಇತ್ತು, ಅಷ್ಟೇ ಗೊತ್ತು ಎಂದೆ. ಅವಳು ಸೀಟಿನಲ್ಲೇ ನನ್ನ ಕಡೆ ತಿರುಗಿದಳು.

"ಹಾಗಾದ್ರೆ ನಂದೂ ಕುಮ್ಗಾರ್ ಆಯ್ತು ಅಲ್ವಾ?"

ಆಯಿತು ಎಂದೆ. ಹಾಗೆ ಹೇಳಲು ನನಗೆ ಯಾರ ಅಪ್ಪಣೆಯೂ ಇರಲಿಲ್ಲ.